ಊಟ ಆದ ಮೇಲೆ ನಿದ್ದೆ, ನಿದ್ದೆ ಆದ ಮೇಲೆ ಅಮ್ಮ

ಮೂರು ವರ್ಷದ ಮಗುವನ್ನು ಅಂಗನವಾಡಿಯ ಬಾಗಿಲಲ್ಲಿ ಬಿಟ್ಟು ‘ನಾಲ್ಕು ಗಂಟೆಗೆ ಬರ್ತೀನಿ, ಅಳಬೇಡ ಕಂದ’ ಎಂದು ತಾಯಿ ಹೇಳುತ್ತಾಳೆ. ಮಗು ಇನ್ನಷ್ಟು ಜೋರಾಗಿ ಅಳುತ್ತದೆ. ತಾಯಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆಕೆ ನಾಲ್ಕಕ್ಕೆ ಸರಿಯಾಗಿ ಬರುವವಳೇ. ಆದರೆ ಮಗುವಿನ ಪಾಲಿಗೆ ‘ನಾಲ್ಕು ಗಂಟೆ’ ಎಂಬ ಮಾತಿಗೆ ಅರ್ಥವೇ ಇಲ್ಲ. ನಾಲ್ಕು ಎಂದರೆ ನಾಲ್ಕು ಬೆರಳು ಇರಬಹುದು, ಗಂಟೆ ಎಂದರೆ ದೇವಸ್ಥಾನದ ಗಂಟೆ ಇರಬಹುದು. ಅವೆರಡಕ್ಕೂ ಅಮ್ಮ ಬರುವುದಕ್ಕೂ ಏನು ಸಂಬಂಧವೋ ಅದಕ್ಕೆ ತಿಳಿಯದು.

ಅದೇ ತಾಯಿ ‘ಆಟ ಆಡು, ಊಟ ಮಾಡು, ಮಲಗಿ ಏಳು, ಎದ್ದು ಕಾಳು ತಿಂದು ಹಾಡು ಹೇಳುವಷ್ಟರಲ್ಲಿ ನಾನು ಬಂದಿರ್ತೀನಿ’ ಎಂದರೆ ಮಾತು ಬೇರೆ. ಮೊದಲ ದಿನ ಮಗು ಇದನ್ನೂ ನಂಬಲಾರದು. ಆದರೆ ದಿನವೂ ಅದೇ ಕ್ರಮದಲ್ಲಿ ಆಟ, ಊಟ, ನಿದ್ದೆ, ಕಾಳು, ಹಾಡು ನಡೆದು, ಕೊನೆಗೆ ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡರೆ, ಕೆಲವು ವಾರಗಳಲ್ಲಿ ಮಗುವಿಗೆ ಲೆಕ್ಕ ಸಿಗುತ್ತದೆ. ‘ಊಟ ಆಯ್ತು, ಇನ್ನು ನಿದ್ದೆ, ನಿದ್ದೆ ಆದ ಮೇಲೆ ಅಮ್ಮ’ ಎಂದು ಅದೇ ಪಕ್ಕದ ಮಗುವಿಗೆ ಹೇಳುತ್ತದೆ.

ಶಿಶುವಿಹಾರ, ಅಂಗನವಾಡಿ, ಕೂಸಿನ ಮನೆ, ನಗರದ ‘ಡೇ ಕೇರ್’, ಹೆಸರು ಏನೇ ಇರಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ಒಂದು ದಿನಚರಿ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಗೋಡೆಗೆ ಅಂಟಿಸುವ ಆ ಪಟ್ಟಿ ಯಾರಿಗಾಗಿ ಎಂಬ ಪ್ರಶ್ನೆ ಬಂದಾಗ ಉತ್ತರಗಳು ಬೇರೆಯಾಗುತ್ತವೆ. ತಪಾಸಣೆಗೆ ಬರುವ ಮೇಲ್ವಿಚಾರಕಿಗಾಗಿಯೇ? ‘ಏನು ಕಲಿಸ್ತೀರಿ?’ ಎಂದು ಕೇಳುವ ಪೋಷಕರಿಗಾಗಿಯೇ? ಅಥವಾ ಓದಲು ಬಾರದ, ಗಡಿಯಾರ ನೋಡಲು ತಿಳಿಯದ ಮಗುವಿಗಾಗಿಯೇ? ಮಗುವಿಗಾಗಿ ಎನ್ನುವುದಾದರೆ, ಪಟ್ಟಿಯನ್ನು ಗಡಿಯಾರದಿಂದ ಆರಂಭಿಸದೆ ಮಗುವಿನ ದೇಹದಿಂದ ಆರಂಭಿಸಬೇಕು.

ಇದು ಸಣ್ಣ ವಿಷಯವಲ್ಲ. ಕರ್ನಾಟಕದ ಅಂಗನವಾಡಿಗಳ ವೇಳೆ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ, ಅಂದರೆ ಆರೂವರೆ ಗಂಟೆ. ದಿನಕ್ಕೆ ಹನ್ನೊಂದೂವರೆ ಗಂಟೆ ಮಲಗುವ ಮಗು ಎಚ್ಚರವಾಗಿರುವುದು ಹನ್ನೆರಡೂವರೆ ಗಂಟೆ. ಅದರಲ್ಲಿ ಅರ್ಧದ ಹತ್ತಿರ ಹತ್ತಿರದಷ್ಟು ಹೊತ್ತು ಒಂದೇ ಕೋಣೆಯಲ್ಲಿ, ಬೇರೆಯವರು ಹಾಕಿಕೊಟ್ಟ ಕ್ರಮದಲ್ಲಿ ಕಳೆಯುತ್ತದೆ. ದೊಡ್ಡವರು ಬೇಸರವಾದರೆ ಎದ್ದು ಹೋಗಿ ಒಂದು ಲೋಟ ಚಹಾ ಕುಡಿದು ಬರಬಹುದು. ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಅಳಬಹುದು, ಪಕ್ಕದವರನ್ನು ಕಚ್ಚಬಹುದು, ಇಲ್ಲವೇ ಮೂಲೆ ಹಿಡಿದು ಸುಮ್ಮನೆ ಕೂರಬಹುದು. ಮೂರಕ್ಕೂ ನಾವು ‘ಹಟ’ ಎಂಬ ಒಂದೇ ಹೆಸರು ಇಟ್ಟುಬಿಡುತ್ತೇವೆ.

ಗಂಟೆಯಲ್ಲ, ಸರಪಳಿ

ಪುಟ್ಟ ಮಕ್ಕಳಿಗೆ ಕಾಲದ ಅರಿವು ಇಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಅವರಿಗೆ ಅಳತೆ ತಿಳಿಯದು, ಕ್ರಮ ತಿಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳಲ್ಲಿ, ‘ಊಟದ ಹೊತ್ತಿನಲ್ಲಿ ಏನು ನಡೆಯುತ್ತದೆ?’ ಎಂಬಂಥ ಪ್ರಶ್ನೆಗೆ ಮೂರು ವರ್ಷದ ಮಕ್ಕಳೂ ತಕ್ಕಮಟ್ಟಿಗೆ ಸರಿಯಾದ ಕ್ರಮದಲ್ಲಿ ಉತ್ತರಿಸಿದರು. ಒಂದಾದ ಮೇಲೊಂದು ನಡೆಯುವ ಸಂಗತಿಗಳನ್ನು ಮಗು ನಾಟಕದ ದೃಶ್ಯಗಳಂತೆ ನೆನಪಿಟ್ಟುಕೊಳ್ಳುತ್ತದೆ. ಈ ದೃಶ್ಯದ ನಂತರ ಯಾವುದು ಎಂದು ಗೊತ್ತಿರುವುದೇ ಅದರ ಧೈರ್ಯ.

ಆದ್ದರಿಂದ ಒಳ್ಳೆಯ ದಿನಚರಿಯಲ್ಲಿ ಗಟ್ಟಿಯಾಗಿ ಹಿಡಿಯಬೇಕಾದದ್ದು ಕ್ರಮವನ್ನು. ನಿಮಿಷಗಳನ್ನು ಸ್ವಲ್ಪ ಸಡಿಲ ಬಿಡಬಹುದು. ಅಂಗಳದಲ್ಲಿ ಇರುವೆಯ ಸಾಲು ಕಂಡು ಮಕ್ಕಳೆಲ್ಲ ಅದರ ಸುತ್ತ ಕುಳಿತಿದ್ದರೆ ‘ಹನ್ನೊಂದೂವರೆ ಆಯ್ತು, ಏಳಿ’ ಎಂದು ಎಬ್ಬಿಸುವ ಅಗತ್ಯವಿಲ್ಲ. ಹತ್ತು ನಿಮಿಷ ಹೆಚ್ಚಾದರೆ ನಷ್ಟವೇನೂ ಇಲ್ಲ. ಆದರೆ ಇಂದು ಊಟದ ಮೊದಲು ಕಥೆ, ನಾಳೆ ಕಥೆಯೇ ಇಲ್ಲ, ನಾಳಿದ್ದು ಕಥೆಯ ಹೊತ್ತಿಗೆ ತೂಕ ನೋಡುವುದು ಎಂದಾದರೆ ಸರಪಳಿಯ ಕೊಂಡಿ ಕಳಚುತ್ತದೆ. ತೂಕ ನೋಡುವ ದಿನವಿದ್ದರೆ ಬೆಳಿಗ್ಗೆಯೇ ಮಕ್ಕಳಿಗೆ ಅದನ್ನು ಹೇಳಿಟ್ಟರೆ ಸಾಕು.

ದೇಹದೊಳಗಿನ ನಾಲ್ಕು ಗಡಿಯಾರಗಳು

ಗೋಡೆಯ ಗಡಿಯಾರ ತಿಳಿಯದಿದ್ದರೂ ಮಗುವಿನ ದೇಹದೊಳಗೆ ಗಡಿಯಾರಗಳಿವೆ. ದಿನಚರಿ ಹಾಕುವವರು ಮೊದಲು ನೋಡಬೇಕಾದದ್ದು ಅವುಗಳನ್ನು.

ಮೊದಲನೆಯದು ಹಸಿವು. ದೊಡ್ಡವರ ಮಿದುಳು, ದೇಹ ವಿಶ್ರಾಂತಿಯಲ್ಲಿದ್ದಾಗ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ತೆಗೆದುಕೊಳ್ಳುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಈ ಪಾಲು ಸುಮಾರು ಮೂರನೇ ಎರಡು ಭಾಗದಷ್ಟಿರುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಬೆಳೆಯುವ ಮಿದುಳು ಅಷ್ಟು ದೊಡ್ಡ ಒಲೆ. ಆದರೆ ಉರುವಲು ಕೂಡಿಡುವ ಜಾಗ ಚಿಕ್ಕದು. ಮಗುವಿನ ಹೊಟ್ಟೆಯೂ ಚಿಕ್ಕದು, ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವ ಯಕೃತ್ತೂ ಚಿಕ್ಕದು. ಹೀಗಾಗಿ ಒಮ್ಮೆಗೇ ಹೆಚ್ಚು ತಿನ್ನಿಸುವುದಕ್ಕಿಂತ ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದೇ ಸರಿ. ಬೆಳಿಗ್ಗೆ ಏಳೂವರೆಗೆ ಅರ್ಧ ರೊಟ್ಟಿ ತಿಂದು ಬಂದ ಮಗುವಿಗೆ ಹನ್ನೊಂದೂವರೆಗೆ ಅಕ್ಷರ ತಿದ್ದಿಸಲು ಕುಳಿತರೆ, ಬಳಪ ಹಿಡಿದಿರುವುದು ಮಗುವಲ್ಲ, ಅದರ ಹಸಿವು.

ಎರಡನೆಯದು ನಿದ್ದೆ. ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ನರಕೋಶಗಳ ಪುಟ್ಟ ಗೊಂಚಲೊಂದಿದೆ. ಬೆಳಕನ್ನು ಗುರುತಿಟ್ಟುಕೊಂಡು ದೇಹದ ಹಗಲು-ರಾತ್ರಿಗಳನ್ನು ಹೊಂದಿಸುವುದು ಅದರ ಕೆಲಸ. ಜೀವಕೋಶಗಳೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಹಣ್ಣುನೊಣಗಳಲ್ಲಿ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು. ಇದರ ಜೊತೆಗೆ, ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಪುಟ್ಟ ಮಕ್ಕಳಲ್ಲಿ ಈ ಒತ್ತಡ ದೊಡ್ಡವರಿಗಿಂತ ಬೇಗ ಏರುವುದರಿಂದ ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತದೆ.

ಮೂರನೆಯದು ಮೂತ್ರಕೋಶ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಮೂತ್ರಕೋಶದ ಅಂದಾಜು ಅಳತೆ ಮಿಲಿಲೀಟರಿನಲ್ಲಿ ಸಿಗುತ್ತದೆ ಎಂಬ ಸರಳ ಸೂತ್ರವನ್ನು ಮಕ್ಕಳ ವೈದ್ಯರು ಬಳಸುತ್ತಾರೆ. ಮೂರು ವರ್ಷದ ಮಗುವಿಗೆ 120, ಐದು ವರ್ಷದ ಮಗುವಿಗೆ 180. ಅಂದರೆ ಒಂದು ಸಣ್ಣ ಲೋಟದಷ್ಟು. ಆಟದ ಭರದಲ್ಲಿರುವ ಮಗು ಕೊನೆಯ ಗಳಿಗೆಯವರೆಗೂ ಕೇಳುವುದಿಲ್ಲ. ಆಮೇಲೆ ಚಡ್ಡಿ ಒದ್ದೆಯಾಗಿ, ಉಳಿದವರು ನಕ್ಕು, ಮರುದಿನ ಅದು ಬರುವುದಿಲ್ಲವೆಂದು ಹಟ ಹಿಡಿಯುತ್ತದೆ. ಕೇಂದ್ರಕ್ಕೆ ಬಂದ ಸ್ವಲ್ಪ ಹೊತ್ತಿಗೆ, ಹಾಲು-ತಿಂಡಿಯ ನಂತರ, ಊಟದ ನಂತರ, ನಿದ್ದೆಯಿಂದ ಎದ್ದ ಮೇಲೆ ಶೌಚಕ್ಕೆ ಕರೆದೊಯ್ಯುವುದನ್ನು ದಿನಚರಿಯಲ್ಲೇ ಸೇರಿಸಬೇಕು. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಪ್ರತಿಕ್ರಿಯೆ. ಊಟವಾದ ಮೇಲೆ ಮಕ್ಕಳು ‘ಕಕ್ಕ’ ಎನ್ನುವುದು ಊಟದಿಂದ ತಪ್ಪಿಸಿಕೊಳ್ಳುವ ನೆಪವಲ್ಲ.

ನಾಲ್ಕನೆಯದು ಸ್ನಾಯುಗಳ ಗಡಿಯಾರ. ಸುಮ್ಮನೆ ಕೂರುವುದು ಮೂರು ವರ್ಷದ ಮಗುವಿಗೆ ವಿಶ್ರಾಂತಿಯಲ್ಲ, ಅದೇ ಒಂದು ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಮೂರರಿಂದ ನಾಲ್ಕು ವರ್ಷದ ಮಕ್ಕಳು ದಿನದಲ್ಲಿ ಕನಿಷ್ಠ 180 ನಿಮಿಷ ಮೈ ಅಲುಗಿಸುವ ಚಟುವಟಿಕೆಯಲ್ಲಿರಬೇಕು. ಅದರಲ್ಲಿ 60 ನಿಮಿಷವಾದರೂ ಓಡುವ, ಜಿಗಿಯುವ, ಏದುಸಿರು ಬಿಡಿಸುವ ಆಟವಾಗಿರಬೇಕು. ಪರದೆಯ ಮುಂದೆ ಒಂದು ಗಂಟೆ ಮೀರಬಾರದು, ಅದೂ ಕಡಿಮೆಯಾದಷ್ಟು ಒಳ್ಳೆಯದು.

ರೋಮಿನ ಮನೆಯಿಂದ ಅಂಗಳದವರೆಗೆ

ಪುಟ್ಟ ಮಕ್ಕಳ ದಿನವನ್ನು ಹೇಗೆ ಹೊಂದಿಸಬೇಕು ಎಂಬ ಚಿಂತನೆ ಹೊಸದಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ತೆರೆದರು. ತಾಯ್ತಂದೆಯರು ದುಡಿಯಲು ಹೋದಾಗ ಮೆಟ್ಟಿಲು, ಗೋಡೆಗಳನ್ನು ಹಾಳು ಮಾಡುತ್ತಿದ್ದ ಮಕ್ಕಳನ್ನು ಒಂದೆಡೆ ನೋಡಿಕೊಳ್ಳುವುದು ಕಟ್ಟಡದವರ ಉದ್ದೇಶವಾಗಿತ್ತು. ಅವರು ತಮ್ಮ ಪುಸ್ತಕದಲ್ಲಿ ಕೊಟ್ಟ ಚಳಿಗಾಲದ ವೇಳಾಪಟ್ಟಿ ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗಿ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಹೆಚ್ಚುಕಡಿಮೆ ನಮ್ಮ ಅಂಗನವಾಡಿಯ ಹೊತ್ತೇ. ಅದರಲ್ಲಿ ಮೊದಲ ಗಂಟೆಗೆ ಪಾಠವಿಲ್ಲ. ಬರುವುದು, ನಮಸ್ಕರಿಸುವುದು, ಮೈ-ಕೈ ಶುಚಿ ನೋಡುವುದು, ಒಬ್ಬರಿಗೊಬ್ಬರು ಮೇಲಂಗಿ ಕಟ್ಟಿಕೊಳ್ಳಲು ನೆರವಾಗುವುದು, ನಿನ್ನೆ ಏನಾಯಿತೆಂದು ಹೇಳುವುದು, ಇಷ್ಟಕ್ಕೇ ಒಂದು ಗಂಟೆ. ಬುದ್ಧಿಗೆ ಕೆಲಸ ಕೊಡುವ ಅಭ್ಯಾಸಗಳಿಗೆ ಹತ್ತರಿಂದ ಹನ್ನೊಂದು, ಅದೂ ನಡುನಡುವೆ ವಿರಾಮದೊಂದಿಗೆ. ದಿನದ ಕೊನೆಯಲ್ಲಿ ಹಾಡು, ಗಿಡಗಳಿಗೂ ಪ್ರಾಣಿಗಳಿಗೂ ಆರೈಕೆ.

ಭಾರತದಲ್ಲಿ ಇದೇ ಕೆಲಸವನ್ನು ನಮ್ಮ ಮಣ್ಣಿಗೆ ಹೊಂದಿಸಿದವರಲ್ಲಿ ತಾರಾಬಾಯಿ ಮೋಡಕ್ ಮತ್ತು ಅವರ ಶಿಷ್ಯೆ ಅನುತಾಯಿ ವಾಘ್ ಮುಖ್ಯರು. ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಯಲ್ಲಿ 1945ರಲ್ಲಿ ಅವರು ಬಾಲವಾಡಿ ಆರಂಭಿಸಿದರು. ಬಡ ಮಕ್ಕಳು ಬಾಲವಾಡಿಗೆ ಬರಲಾಗದಿದ್ದಾಗ ಬಾಲವಾಡಿಯೇ ಅವರ ಮನೆಯ ಅಂಗಳಕ್ಕೆ ಹೋಯಿತು. ಅಂಗಳದ ಈ ಬಾಲವಾಡಿಯೇ ಅಂಗನವಾಡಿ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದ್ದೂ ಉಂಟು. ಮಗು ಇರುವ ಜಾಗಕ್ಕೆ, ಮಗುವಿನ ಹೊತ್ತಿಗೆ ಹೊಂದಿಕೊಳ್ಳುವುದು ಕಲಿಸುವವರ ಕೆಲಸ ಎಂಬುದು ಆ ಪ್ರಯೋಗಗಳ ತಿರುಳು. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹದೇವನ್ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಆರಂಭಿಸಿದ ‘ಮೊಬೈಲ್ ಕ್ರೆಷ್’ ಕೂಡ ಕೆಲಸ ನಡೆಯುವ ಜಾಗಕ್ಕೇ ಹೋಯಿತು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಹಬ್ಬಿದ ಅಂಗನವಾಡಿ ಇಂದು ಹಳ್ಳಿಹಳ್ಳಿಯಲ್ಲಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಮೂರರಿಂದ ಆರು ವರ್ಷದ ಮಕ್ಕಳಿಗೆ ಬೆಳಗಿನ ಲಘು ತಿಂಡಿ ಮತ್ತು ಬಿಸಿಯೂಟವನ್ನು ಹಕ್ಕಾಗಿಸಿತು. ಅದೇ ವರ್ಷ ರಾಜ್ಯದಲ್ಲಿ ಕ್ಷೀರಭಾಗ್ಯ ಯೋಜನೆ ಬಂದು ಹಾಲೂ ಸೇರಿತು. ಅಂದರೆ ದಿನಚರಿಯ ಗೂಟಗಳು ಆಗಲೇ ನೆಟ್ಟಿವೆ: ಹಾಲು-ತಿಂಡಿ, ಊಟ, ನಿದ್ದೆ. ಉಳಿದದ್ದನ್ನು ಈ ಗೂಟಗಳ ನಡುವೆ ಹೆಣೆಯಬೇಕು.

ಒಂದು ದಿನದ ಮಾದರಿ

ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇರುವ ಕೇಂದ್ರಕ್ಕೆ ದಿನಚರಿ ಹೀಗಿರಬಹುದು. ಇದು ಆದೇಶವಲ್ಲ, ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದಾದ ಒಂದು ಮಾದರಿ.

9.30–10.00: ಬರುವುದು. ಚಪ್ಪಲಿ ಸಾಲಾಗಿಡುವುದು, ತನ್ನ ಚೀಲವನ್ನು ತನ್ನ ಮೊಳೆಗೆ ನೇತುಹಾಕುವುದು, ಇಷ್ಟವಾದ ಆಟಿಕೆಯೊಂದಿಗೆ ಕೂರುವುದು. ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಈ ಅರ್ಧ ಗಂಟೆ ಸಡಿಲವಾಗಿರಬೇಕು.

10.00–10.30: ಕೈ ತೊಳೆಯುವುದು, ಹಾಲು ಅಥವಾ ತಿಂಡಿ, ಶೌಚ.

10.30–10.50: ಚಾಪೆಯ ಮೇಲೆ ದುಂಡಗೆ ಕೂತು ಮಾತು, ಹಾಡು. ಇಂದು ಯಾರು ಬಂದಿಲ್ಲ, ಹೊರಗೆ ಮೋಡವಿದೆಯೇ ಬಿಸಿಲಿದೆಯೇ, ಇಂದು ಏನೇನು ಮಾಡುತ್ತೇವೆ ಎಂಬ ಮಾತು.

10.50–11.30: ಅಂಗಳದ ಆಟ. ಮರಳು, ನೀರು, ಚೆಂಡು, ರೈಲಾಟ, ಕೆರೆ-ದಡ.

11.30–12.10: ಮಕ್ಕಳು ತಾವೇ ಆರಿಸಿಕೊಂಡ ಮೂಲೆಯ ಕೆಲಸ. ಒಂದು ಮೂಲೆಯಲ್ಲಿ ಮರದ ತುಂಡುಗಳು, ಇನ್ನೊಂದರಲ್ಲಿ ಅಡುಗೆಯಾಟ, ಮತ್ತೊಂದರಲ್ಲಿ ಬಣ್ಣ ಮತ್ತು ಜೇಡಿಮಣ್ಣು. ದೊಡ್ಡ ಮಕ್ಕಳ ಐದಾರು ಮಂದಿಯನ್ನು ಕಾರ್ಯಕರ್ತೆ ತನ್ನ ಬಳಿ ಕೂರಿಸಿಕೊಂಡು ಎಣಿಕೆ, ಆಕಾರ, ಧ್ವನಿಗಳ ಆಟ ಆಡಿಸಬಹುದು.

12.10–12.30: ಕಥೆ. ಓಡಿ ಆಡಿದ ಮೈ ತಣ್ಣಗಾಗುವ ಹೊತ್ತು.

12.30–1.15: ಕೈ ತೊಳೆಯುವುದು, ಊಟ, ತಟ್ಟೆ ಎತ್ತಿಡುವುದು, ಶೌಚ.

1.15–2.45: ನಿದ್ದೆ. ನಿದ್ದೆ ಬಾರದವರಿಗೆ ಚಿತ್ರಪುಸ್ತಕ.

2.45–3.15: ಎದ್ದು ಮುಖ ತೊಳೆಯುವುದು, ಶೌಚ, ಕಾಳು ಅಥವಾ ಹಣ್ಣಿನಂಥ ಲಘು ತಿನಿಸು.

3.15–4.00: ನೆರಳಿನಲ್ಲಿ ಆಟ, ಗಿಡಕ್ಕೆ ನೀರು, ಹಾಡು, ಹೊರಡುವ ಸಿದ್ಧತೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಓಡಾಟದ ಹಿಂದೆ ಕೂರುವುದು, ಕೂತದ್ದರ ಹಿಂದೆ ಓಡಾಟ ಬರುತ್ತದೆ. ಎಲ್ಲರೂ ಒಟ್ಟಿಗೆ ಕೂರುವ ಹೊತ್ತು ಇಪ್ಪತ್ತು ನಿಮಿಷ ಮೀರುವುದಿಲ್ಲ. ಎರಡು ಆಹಾರಗಳ ನಡುವೆ ಎರಡೂವರೆ ಗಂಟೆಗಿಂತ ಹೆಚ್ಚಿನ ಅಂತರವಿಲ್ಲ. ಅಂಗಳದ ಆಟ ಎರಡೂ ಸೇರಿ ಒಂದು ಗಂಟೆಗೆ ಮಿಕ್ಕಿ ಆಗುತ್ತದೆ. ಮಗು ತಾನೇ ಆರಿಸಿಕೊಳ್ಳುವ ಹೊತ್ತೂ ಇದೆ, ಎಲ್ಲರೊಂದಿಗೆ ಸೇರುವ ಹೊತ್ತೂ ಇದೆ. 2022ರಲ್ಲಿ ಬಿಡುಗಡೆಯಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಇಂಥ ಸಮತೋಲನವನ್ನೇ ಕೇಳುತ್ತದೆ.

ಊರಿಗೆ ತಕ್ಕ ತಿದ್ದುಪಡಿ ಅನಿವಾರ್ಯ. ಏಪ್ರಿಲ್‌ನ ರಾಯಚೂರು, ಕಲಬುರಗಿಗಳಲ್ಲಿ ಹನ್ನೊಂದು ಗಂಟೆಗೆ ಅಂಗಳಕ್ಕಿಳಿದರೆ ಮಗು ಬಾಡಿಹೋಗುತ್ತದೆ. ಅಲ್ಲಿ ಅಂಗಳದ ಆಟ ಬಂದ ಕೂಡಲೇ ನಡೆಯಬೇಕು, ನೀರು ಕುಡಿಸುವುದಕ್ಕೂ ಪಟ್ಟಿಯಲ್ಲಿ ಜಾಗವಿರಬೇಕು. ಆಷಾಢದ ಮಳೆಯಲ್ಲಿ ಆಗುಂಬೆ, ಮಡಿಕೇರಿಗಳ ಅಂಗಳ ವಾರಗಟ್ಟಲೆ ಒದ್ದೆ. ಅಲ್ಲಿ ಚಾಪೆ ಸುತ್ತಿಟ್ಟು ಕೋಣೆಯಲ್ಲೇ ಕುಣಿತ, ಕಪ್ಪೆ ಜಿಗಿತ ನಡೆಯಬೇಕು. ಮಳೆ ಬಂತೆಂದು ಮಕ್ಕಳನ್ನು ದಿನವಿಡೀ ಕೂರಿಸುವುದು ಪರಿಹಾರವಲ್ಲ.

ಕಾಯುವ ಹೊತ್ತಿನ ಲೆಕ್ಕ

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದು ಕೆಡುವುದು ಒಂದು ಕೆಲಸ ಮುಗಿದು ಇನ್ನೊಂದು ಆರಂಭವಾಗುವ ನಡುವಿನಲ್ಲಿ. ಇದಕ್ಕೆ ಸರಳವಾದ ಲೆಕ್ಕವಿದೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ, ತೊಳೆದು, ಒರೆಸಿಕೊಳ್ಳಲು ಒಂದು ಮಗುವಿಗೆ ಒಂದು ನಿಮಿಷ ಬೇಕೆನ್ನೋಣ. ಇಪ್ಪತ್ತು ಮಕ್ಕಳು, ಒಂದೇ ನಲ್ಲಿ. ಕೊನೆಯ ಮಗು ಹತ್ತೊಂಬತ್ತು ನಿಮಿಷ ಸಾಲಿನಲ್ಲಿ ನಿಲ್ಲಬೇಕು, ಅದೂ ಹಸಿದ ಹೊಟ್ಟೆಯಲ್ಲಿ, ಸಾಂಬಾರಿನ ವಾಸನೆ ಮೂಗಿಗೆ ಬಡಿಯುತ್ತಿರುವಾಗ. ಆ ಸಾಲಿನಲ್ಲಿ ತಳ್ಳಾಟ, ಚಿವುಟಾಟ ಆಗದಿದ್ದರೇ ಆಶ್ಚರ್ಯ.

ಕಥೆ ನಡೆಯುತ್ತಿರುವಾಗಲೇ ಸಹಾಯಕಿ ಐದೈದು ಮಕ್ಕಳನ್ನು ಕರೆದುಕೊಂಡು ಹೋದರೆ ಕೊನೆಯ ಮಗುವೂ ಐದು ನಿಮಿಷಕ್ಕಿಂತ ಹೆಚ್ಚು ಕಾಯಬೇಕಿಲ್ಲ. ಉಳಿದವರು ಕಥೆ ಕೇಳುತ್ತಿರುತ್ತಾರೆ. ಎರಡು ಬಕೆಟ್, ಎರಡು ಚೊಂಬು ಇಟ್ಟರೆ ಅದೂ ಅರ್ಧವಾಗುತ್ತದೆ. ಆಟ ನಿಲ್ಲಿಸುವ ಮುನ್ನ ‘ಇನ್ನೊಂದು ಸಲ ಜಾರಿ, ಆಮೇಲೆ ಒಳಗೆ ಹೋಗೋಣ’ ಎಂಬ ಮುನ್ಸೂಚನೆ ಕೊಡುವುದು, ಆಟಿಕೆ ಎತ್ತಿಡಲು ದಿನವೂ ಒಂದೇ ಹಾಡು ಹಾಡುವುದು, ಇವೆಲ್ಲ ದುಡ್ಡಿಲ್ಲದ ಉಪಾಯಗಳು. ಆ ಹಾಡು ಕೇಳಿದೊಡನೆ ಮಕ್ಕಳ ಕೈ ತಾನಾಗಿ ಬುಟ್ಟಿಯ ಕಡೆ ಹೋಗುತ್ತದೆ.

‘ಮಲಗಿಸೋಕೆ ಕಳಿಸ್ತೀವಾ?’

ದಿನಚರಿಯಲ್ಲಿ ಹೆಚ್ಚು ತಕರಾರು ಬರುವುದು ನಿದ್ದೆಯ ವಿಷಯದಲ್ಲಿ. ‘ಮಲಗಿಸೋದಾದರೆ ಮನೆಯಲ್ಲೇ ಮಲಗಿಸ್ತೀವಿ, ಆ ಹೊತ್ತಿನಲ್ಲಿ ಎಬಿಸಿಡಿ ಬರೆಸಿ’ ಎನ್ನುವ ಪೋಷಕರು ಹಳ್ಳಿಯಲ್ಲೂ ಇದ್ದಾರೆ, ತಿಂಗಳಿಗೆ ಸಾವಿರಾರು ರೂಪಾಯಿ ಕಟ್ಟುವ ನಗರದವರಲ್ಲೂ ಇದ್ದಾರೆ. ಅವರ ಆತಂಕ ಅರ್ಥವಾಗುವಂಥದ್ದೇ. ಮಗು ಹಿಂದೆ ಬೀಳಬಾರದು ಎಂಬ ಆಸೆ ಅದು. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ, ಒಂದರಿಂದ ಎರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಈ ಅಂಕಿಗಳಲ್ಲಿ ಹಗಲು ನಿದ್ದೆಯೂ ಸೇರಿದೆ. ರಾತ್ರಿ ಅಪ್ಪ ಬರುವವರೆಗೂ ಎದ್ದಿದ್ದು ಒಂಬತ್ತೂವರೆಗೆ ಮಲಗಿ, ಅಮ್ಮನ ಜೊತೆ ಆರಕ್ಕೆ ಏಳುವ ಮಗುವಿಗೆ ಸಿಗುವುದು ಎಂಟೂವರೆ ಗಂಟೆ. ಕನಿಷ್ಠದ ಲೆಕ್ಕ ಹಿಡಿದರೂ ಒಂದೂವರೆ ಗಂಟೆ ಸಾಲ. ಮಧ್ಯಾಹ್ನದ ನಿದ್ದೆ ಆ ಸಾಲವನ್ನು ತೀರಿಸುತ್ತದೆ.

ನಿದ್ದೆಯ ಹೊತ್ತು ಕಲಿಕೆಗೆ ನಷ್ಟವೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ 40 ಮಕ್ಕಳಿಗೆ ಬೆಳಿಗ್ಗೆ ಯಾವ ಚಿತ್ರ ಯಾವ ಜಾಗದಲ್ಲಿದೆ ಎಂದು ನೆನಪಿಡುವ ಆಟ ಕಲಿಸಿದರು. ಒಂದು ದಿನ ಮಕ್ಕಳನ್ನು ಮಧ್ಯಾಹ್ನ ಮಲಗಿಸಿದರು, ಇನ್ನೊಂದು ದಿನ ಎಚ್ಚರವಿರಿಸಿದರು. ಮಲಗಿದ ದಿನ ಮಕ್ಕಳ ನೆನಪು ಉತ್ತಮವಾಗಿತ್ತು. ಹಗಲು ಮಲಗುವ ರೂಢಿಯಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ತಪ್ಪಿಹೋದ ಹಗಲು ನಿದ್ದೆಯಿಂದಾದ ನಷ್ಟವನ್ನು ಆ ರಾತ್ರಿಯ ನಿದ್ದೆ ತುಂಬಿಕೊಡಲಿಲ್ಲ. ಬೆಳಿಗ್ಗೆ ಕಲಿತದ್ದನ್ನು ಮಿದುಳು ಕೂಡಿಡುವ ಹೊತ್ತು ಅದು.

ಹಾಗೆಂದು ಎಲ್ಲರನ್ನೂ ಒತ್ತಾಯದಿಂದ ಮಲಗಿಸುವುದು ಬೇಡ. ಐದು ವರ್ಷದ ಹೊತ್ತಿಗೆ ಅನೇಕ ಮಕ್ಕಳು ಹಗಲು ನಿದ್ದೆ ಬಿಡುತ್ತಾರೆ. ‘ಕಣ್ಣು ಮುಚ್ಚು’ ಎಂದು ಗದರಿಸಿ ಒಂದೂವರೆ ಗಂಟೆ ಅಲುಗಾಡದಂತೆ ಮಲಗಿಸಿದರೆ ಅದು ಶಿಕ್ಷೆಯಾಗುತ್ತದೆ. ಅಂಥವರಿಗೆ ಅರ್ಧ ಗಂಟೆ ಮೈಚಾಚುವುದು, ನಂತರ ಮೂಲೆಯಲ್ಲಿ ಸದ್ದಿಲ್ಲದ ಆಟ ಸಾಕು. ನಿದ್ದೆ ಮೂರು ಗಂಟೆಯೊಳಗೆ ಮುಗಿದರೆ ರಾತ್ರಿಯ ನಿದ್ದೆಗೆ ತೊಂದರೆಯಿಲ್ಲ.

ಕೂಸುಗಳಿಗೆ ಬೇರೆ ಲೆಕ್ಕ

ಎರಡು ವರ್ಷದೊಳಗಿನ ಕೂಸುಗಳಿಗೆ ಮೇಲಿನ ಪಟ್ಟಿ ಹೊಂದುವುದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಅನುಕೂಲಕ್ಕಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ರೂಪಿಸಿತು. ಇಂಥ ಕಡೆ ಐದು ಕೂಸುಗಳಿದ್ದರೆ ಐದು ದಿನಚರಿಗಳಿರುತ್ತವೆ. ಎಂಟು ತಿಂಗಳ ಕೂಸು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ, ಅದೂ ಎರಡು-ಮೂರು ಕಂತುಗಳಲ್ಲಿ. ಅದು ಮಲಗಿದಾಗ ಮಲಗಿಸಬೇಕು, ಹಸಿದಾಗ ಉಣಿಸಬೇಕು. ‘ಎಲ್ಲರಿಗೂ ಒಂದೂವರೆಗೆ ನಿದ್ದೆ’ ಎಂಬ ಶಿಸ್ತು ಇಲ್ಲಿ ಸಲ್ಲದು.

ಹಾಗಾದರೆ ಇಲ್ಲಿ ಕ್ರಮ ಎಂದರೇನು? ಪ್ರತಿ ಕೂಸಿಗೂ ಒಂದು ಹಾಳೆ. ಕೊನೆಯ ಬಾರಿ ಎಷ್ಟಕ್ಕೆ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಬಾರಿ ಬಟ್ಟೆ ಬದಲಿಸಿತು ಎಂದು ಅದರಲ್ಲಿ ಬರೆದಿಡುವುದು, ಸಂಜೆ ತಾಯಿಗೆ ಹೇಳುವುದು. ಕೂಸನ್ನು ಸದಾ ಬೆನ್ನ ಮೇಲೆ ಮಲಗಿಸಬೇಕು, ಬೋರಲಾಗಿ ಅಲ್ಲ. ಸಾಧ್ಯವಾದಷ್ಟೂ ಒಬ್ಬರೇ ಆಯಾ ಅದೇ ಕೂಸನ್ನು ನೋಡಿಕೊಳ್ಳಬೇಕು. ಈ ವಯಸ್ಸಿನಲ್ಲಿ ಕೂಸಿನ ವೇಳಾಪಟ್ಟಿ ಎಂದರೆ ಪರಿಚಿತವಾದ ಒಂದು ಮುಖ. ಎದೆಹಾಲು ಕುಡಿಯುವ ಕೂಸಿಗೆ ತಾಯಿ ನಡುವೆ ಬಂದು ಹೋಗುವುದೂ ದಿನಚರಿಯ ಭಾಗ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಅವಕಾಶ ಕೊಟ್ಟಿತು.

ಮನೆಯವರ ಪಾಲು

ಕೇಂದ್ರದ ದಿನಚರಿ ಮನೆಯ ಬಾಗಿಲಿನಿಂದಲೇ ಆರಂಭವಾಗುತ್ತದೆ. ಪೋಷಕರು ಪಾಲಿಸಬಹುದಾದ ಕೆಲವು ಮಾತುಗಳಿವೆ.

ಬಿಟ್ಟು ಹೋಗುವಾಗ ಮಗು ಆಟದಲ್ಲಿ ಮೈಮರೆತಿದೆಯೆಂದು ಕಣ್ಣು ತಪ್ಪಿಸಿ ಹೋಗಬಾರದು. ಅಂದಿನ ಅಳು ತಪ್ಪಬಹುದು, ಆದರೆ ಮರುದಿನದಿಂದ ಮಗು ಆಟವಾಡುವುದನ್ನೇ ಬಿಟ್ಟು ಸೆರಗು ಹಿಡಿದು ಕೂರುತ್ತದೆ. ‘ಹೋಗಿ ಬರ್ತೀನಿ’ ಎಂದು ಹೇಳಿ, ಒಂದೇ ಬಾರಿ ಹೇಳಿ, ಹೊರಡಬೇಕು.

ರಾತ್ರಿ ಮಗು ಸರಿಯಾಗಿ ಮಲಗಲಿಲ್ಲ, ಬೆಳಿಗ್ಗೆ ತಿನ್ನಲಿಲ್ಲ, ಮನೆಗೆ ನೆಂಟರು ಬಂದಿದ್ದರು, ಇಂಥ ಸುದ್ದಿಯನ್ನು ಒಂದು ಮಾತಿನಲ್ಲಿ ಟೀಚರಿಗೆ ತಿಳಿಸಬೇಕು. ಆ ಮಗುವನ್ನು ಅಂದು ಬೇಗ ಮಲಗಿಸಲು ಅವರಿಗೆ ಅನುಕೂಲ. ಟೀಚರೂ ಸಂಜೆ ‘ಇವತ್ತು ಮಲಗಲಿಲ್ಲ’ ಎಂದು ಹೇಳಿದರೆ ಮನೆಯಲ್ಲಿ ಊಟ ಬೇಗ ಬಡಿಸಬಹುದು.

ಸಂಜೆ ಹೊತ್ತಿಗೆ ಸರಿಯಾಗಿ ಹೋಗಬೇಕು. ದೇಹದ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಮನೆಯಲ್ಲಿರುವ ಮಕ್ಕಳಲ್ಲಿ ಸಾಮಾನ್ಯವಾಗಿ ಬೆಳಗಿನಿಂದ ಸಂಜೆಗೆ ಇಳಿಯುತ್ತದೆ. ದಿನವಿಡೀ ಗುಂಪಿನಲ್ಲಿರುವ ಅನೇಕ ಪುಟ್ಟ ಮಕ್ಕಳಲ್ಲಿ ಅದು ಮಧ್ಯಾಹ್ನದ ಹೊತ್ತಿಗೆ ಏರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಮಗು ಸಂಜೆ ಅಮ್ಮನನ್ನು ಕಂಡೊಡನೆ ಕಾರಣವಿಲ್ಲದೆ ಅಳುವುದಕ್ಕೆ, ರಚ್ಚೆ ಹಿಡಿಯುವುದಕ್ಕೆ ಇಂಥ ದಣಿವೂ ಒಂದು ಕಾರಣವಾಗಿರಬಹುದು. ದಿನವಿಡೀ ತಡೆದುಕೊಂಡದ್ದನ್ನು ಅದು ತನ್ನವರ ಮುಂದೆ ಇಳಿಸುತ್ತದೆ. ಆಗ ‘ಇವತ್ತು ಏನು ಕಲಿತೆ? ಹೇಳು’ ಎಂದು ಪರೀಕ್ಷೆ ಮಾಡದೆ ಹತ್ತು ನಿಮಿಷ ಮಡಿಲಲ್ಲಿ ಕೂರಿಸಿಕೊಂಡರೆ ಸಾಕು.

ಭಾನುವಾರವೂ ಊಟ-ನಿದ್ದೆಯ ಹೊತ್ತು ತೀರಾ ಏರುಪೇರಾಗದಂತೆ ನೋಡಿಕೊಂಡರೆ ಸೋಮವಾರ ಬೆಳಗಿನ ರಂಪಾಟ ಅರ್ಧ ಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳಿಗೊಂದು ಕೆಲಸ

ಮನೆಯಲ್ಲಿ ತಮ್ಮನೋ ತಂಗಿಯೋ ಇರುವ ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಒಂದು ಪ್ರಯೋಗವಾಗಿ ಮಾಡಿ ನೋಡಬಹುದು. ಗ್ರಾಫ್ ಹಾಳೆಯಲ್ಲಿ ಏಳು ದಿನಗಳಿಗೆ ಏಳು ಸಾಲು, ಗಂಟೆಗೊಂದರಂತೆ ಸಾಲಿಗೆ 24 ಚೌಕ ಗುರುತಿಸಿ. ಮಗು ಮಲಗಿದ ಹೊತ್ತಿಗೆ ನೀಲಿ, ತಿಂದಾಗ ಹಸಿರು, ಓಡಿ ಆಡಿದಾಗ ಹಳದಿ, ಅತ್ತು ರಂಪ ಮಾಡಿದಾಗ ಕೆಂಪು ಬಣ್ಣ ತುಂಬಿ. ಅಂಗನವಾಡಿಯಲ್ಲಿರುವ ಹೊತ್ತಿನ ವಿವರವನ್ನು ಟೀಚರನ್ನು ಕೇಳಿ ತುಂಬಿಕೊಳ್ಳಿ. ಒಂದು ದಿನದ ಗುರುತಿನಿಂದ ತೀರ್ಮಾನಕ್ಕೆ ಬರಬಾರದು, ಏಳೂ ದಿನ ಬರೆಯಬೇಕು.

ವಾರದ ಕೊನೆಯಲ್ಲಿ ಹಾಳೆಯನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿ. ಕೆಂಪು ಚೌಕಗಳು ಎಲ್ಲೆಂದರಲ್ಲಿ ಚೆದುರಿವೆಯೇ, ಅಥವಾ ಒಂದೇ ಹೊತ್ತಿನಲ್ಲಿ ಗುಂಪುಗೂಡಿವೆಯೇ? ಪ್ರತಿ ಕೆಂಪಿನ ಹಿಂದೆ ಹಸಿರು ಚೌಕ ಎಷ್ಟು ದೂರವಿದೆ, ನೀಲಿ ಎಷ್ಟು ದೂರವಿದೆ ಎಂದು ಎಣಿಸಿ. ನೀಲಿ ಚೌಕಗಳನ್ನು ಕೂಡಿಸಿ ಏಳರಿಂದ ಭಾಗಿಸಿದರೆ ಮಗುವಿನ ದಿನದ ಸರಾಸರಿ ನಿದ್ದೆ ಸಿಗುತ್ತದೆ. ಅದನ್ನು ಮೇಲೆ ಹೇಳಿದ ಅಂಕಿಯೊಂದಿಗೆ ಹೋಲಿಸಿ. ಒಂದೇ ಒಂದು ಬದಲಾವಣೆ ಮಾಡಿ, ರಾತ್ರಿ ಅರ್ಧ ಗಂಟೆ ಬೇಗ ಮಲಗಿಸುವುದೋ ಸಂಜೆ ಮನೆಗೆ ಬಂದ ಕೂಡಲೇ ತಿನ್ನಲು ಕೊಡುವುದೋ, ಮತ್ತೊಂದು ವಾರ ಬರೆಯಿರಿ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅಪ್ಪ-ಅಮ್ಮನಿಗೆ ತೋರಿಸಿ, ಆಮೇಲೆ ಅಂಗನವಾಡಿಯ ಟೀಚರಿಗೂ ಕೊಡಿ. ಮಗುವಿನ ದಿನಚರಿ ಬರೆಯಲು ಅವರಿಗೆ ಬೇಕಾದ ಮೊದಲ ಹಾಳೆ ಅದೇ.